ಹಂಡೆ ಮಾರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನವನಗರದಲ್ಲಿ ನಿಂತು ಮನೆತನದ ಇತಿಹಾಸ ಮಾತಾಡುವಾಗ ಮುಳುಗಡೆ ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಹಳೆಯ ಮನೆ ಇವತ್ತು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಊರುಗಳು ಎದ್ದು ಹೋಗಬೇಕು. ಆಗ ಸರ್ಕಾರದ ಕಡೆಯಿಂದ ಬಂದವರು ಹೊಲ ಅಳೆಯುತ್ತಾರೆ, ಮನೆ ಅಳೆಯುತ್ತಾರೆ, ಗಿಡ ಎಣಿಸುತ್ತಾರೆ. ಅಟ್ಟದ ಮೇಲಿನ ಹಂಡೆಯಲ್ಲಿ ಕೊರೆದ ಹೆಸರನ್ನು ಮಾತ್ರ ಯಾರೂ ಓದುವುದಿಲ್ಲ. ಅದಕ್ಕೇ ಇವತ್ತು ಬಂದಿದ್ದೇನೆ.

ನಮ್ಮಲ್ಲಿ ವಂಶವೃಕ್ಷ ಯಾವಾಗ ಬರೆಸುತ್ತೇವೆ ಹೇಳಿ? ಸತ್ತವರ ಹೊಲ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸುವಾಗ, ಪರಿಹಾರ ತಗೊಳ್ಳುವಾಗ. ನಾಡಕಚೇರಿಗೆ ಓಡುತ್ತೇವೆ. ಮುತ್ತಜ್ಜ, ಅವನ ಗಂಡುಮಕ್ಕಳು, ಅವರ ಗಂಡುಮಕ್ಕಳು. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಗಟ್ಟಿಯಾಗಿ ಕೂತದ್ದು 1994ರಲ್ಲಿ ನಮ್ಮ ರಾಜ್ಯ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿದ ಮೇಲೆ, 2005ರಲ್ಲಿ ಕೇಂದ್ರವೂ ತಿದ್ದಿದ ಮೇಲೆ. ಅವರ ಸಹಿ ಇಲ್ಲದೆ ಆಸ್ತಿ ಹಂಚಿಕೆ ನಡೆಯುವುದಿಲ್ಲ, ಹಾಗಾಗಿ ಹೆಸರು ಬಂತು. ಸರಿ, ಹುಟ್ಟಿದ ಮಗಳು ಬಂದಳು. ಸೊಸೆಯಾಗಿ ಬಂದವಳು? ಅವಳು ‘ಇಂಥವರ ಹೆಂಡತಿ’. ಅವಳ ಅಪ್ಪ ಯಾರು, ಯಾವ ಊರು, ಅವಳನ್ನು ಹೆತ್ತವಳು ಯಾರು, ಒಂದೂ ಇಲ್ಲ.

ಇದನ್ನು ನನಗೆ ಕಲಿಸಿದ್ದು ನಮ್ಮ ಆಯಿ, ಅಂದರೆ ಅಜ್ಜಿ. ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರು. ಹಿರಿಯರು ಎಷ್ಟೋ ಜನ ಇಲ್ಲಿದ್ದೀರಿ, ನೋಡಿದ್ದೀರಿ. ಎತ್ತು, ಗಂಟೆಯ ಸಪ್ಪಳ, ಬೆಳಗಿನ ಹೊತ್ತಲ್ಲಿ ಕಟ್ಟೆಯ ಮೇಲೆ ಕೂತು ಮನೆತನ ಹೊಗಳುವ ಆ ದನಿ. ನಮ್ಮ ಮೂಲ ಊರು, ಯಾವ ಬರಕ್ಕೆ ಅಲ್ಲಿಂದ ಎದ್ದೆವು, ಎಲ್ಲೆಲ್ಲಿ ನೆಲೆ ನಿಂತೆವು, ಯಾರು ಕೆರೆ ಕಟ್ಟಿಸಿದರು, ಯಾರು ದತ್ತು ಬಂದರು, ಎಲ್ಲ ಒಂದೇ ಉಸಿರಿಗೆ. ಒಂದು ಸಲ ಬಂದ ಹೆಳವ ಏಳು ತಲೆಮಾರು ಹೇಳಿ ನಿಲ್ಲಿಸಿದ. ಆಯಿ ಮೊರದ ತುಂಬ ಜೋಳ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಜೋಳ ಹಾಕಲಿಲ್ಲ.

“ಯಪ್ಪಾ, ಏಳು ತಲಿ ಹೇಳಿದಿ, ಒಬ್ಬಾಕಿ ಹೆಸರೂ ಬರಲಿಲ್ಲ. ಇವರೆಲ್ಲಾ ಮುಗಿಲಿಂದ ಉದುರ‍್ಯಾರೇನು?”

ನಾವು ಹುಡುಗರೆಲ್ಲ ನಕ್ಕೆವು. ಆತ ನಗಲಿಲ್ಲ. “ನಿಮ್ಮ ಹೆಸರು ನಿಮ್ಮ ತವರಮನಿ ಹೆಳವನ ಹಂತೇಕ ಐತಿ ಯವ್ವಾ. ನಮ್ಮ ಹಂತೇಕ ಈ ಮನಿದಷ್ಟ” ಅಂದ.

“ಹಂಗಾದ್ರ ಜೋಳಾನೂ ಅಲ್ಲೇ ಇಸ್ಕೋ ಹೋಗು.”

ಕೊನೆಗೆ ಆತ ವಹಿ ತೆಗೆದು ಆಯಿಯ ಹೆಸರು, ಅವಳ ತಾಯಿಯ ಹೆಸರು, ತವರೂರು ಬರೆದುಕೊಂಡ. ಬರೆದದ್ದನ್ನು ಓದಿ ತೋರಿಸು ಅಂದಳು. ಓದಿದ. ಆಮೇಲೆ ಜೋಳ, ಅದರ ಮೇಲೆ ಒಂದು ಧೋತರ. ಆತನ ಮಾತಿನಲ್ಲೂ ಸತ್ಯವಿತ್ತು, ನೆನಪಿಡಿ. ನಿಮ್ಮ ಅಜ್ಜಿಯನ್ನು ಹುಡುಕಬೇಕೆಂದರೆ ಅಜ್ಜನ ಊರಲ್ಲಿ ಕೂತರೆ ಸಾಲದು, ಅವಳ ತವರಿಗೆ ಹೋಗಬೇಕು.

ಆದರೆ ತವರು ಯಾವುದು ಅಂತಲೇ ಗೊತ್ತಿಲ್ಲದಿದ್ದರೆ? ಈಗ ಹಂಡೆಗೆ ಬರೋಣ. ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ಕೊಡ, ತಂಬಿಗೆ, ಪರಾತದ ಮೇಲೆ ಹೆಸರು ಹಾಕಿಸುತ್ತಿದ್ದರು ಅಲ್ವಾ? ಈಗ ಅಂಗಡಿಯಲ್ಲಿ ಮಷೀನಿನಿಂದ ಬರೆಯುತ್ತಾರೆ, ಆಗ ಉಳಿ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದ್ದರು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಊರು, ಕೆಲವದರಲ್ಲಿ ತಾರೀಖು ಕೂಡ. ಇನ್ನೊಂದು ಮುಖ್ಯ ಸಂಗತಿ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ಕಾಗದಪತ್ರಗಳಲ್ಲೆಲ್ಲ ಆ ಹೊಸ ಹೆಸರೇ ನಡೆಯುತ್ತದೆ. ಅವಳು ಹುಟ್ಟಿದಾಗ ಇಟ್ಟ ಹೆಸರು ಗಂಡನ ಮನೆಯಲ್ಲಿ ಎಷ್ಟೋ ಸಲ ಉಳಿಯುವುದು ತವರಿನವರು ಕೊಟ್ಟ ಪಾತ್ರೆಯ ಮೇಲೆ ಮಾತ್ರ. ಬೀಳಗಿ ಕಡೆಯ ಒಂದು ಮನೆಯಲ್ಲಿ ನಾನೇ ನೋಡಿದ್ದೇನೆ. ಕಾಗದದಲ್ಲಿ ಒಂದು ಹೆಸರು, ಕೊಡದ ಕಂಠದಲ್ಲಿ ಇನ್ನೊಂದು, ಪಕ್ಕದಲ್ಲಿ ಅಣ್ಣನ ಹೆಸರು ಮತ್ತು ಊರು. ಆ ಊರಿಗೆ ಹೋಗಿ ಕೇಳಿದರು. ಅಣ್ಣನ ಮೊಮ್ಮಕ್ಕಳು ಅಲ್ಲೇ ಇದ್ದರು. ಅಷ್ಟು ವರ್ಷ ಕಡಿದುಹೋಗಿದ್ದ ಬಳಗ ಮತ್ತೆ ಕೂಡಿತು.

ಇಂಥ ಕೊಡಗಳನ್ನು ನಾವು ಏನು ಮಾಡಿದೆವು? ಸ್ಟೀಲ್ ಬಂದಾಗ ಹಿತ್ತಾಳೆ ತೂಕಕ್ಕೆ ಹಾಕಿ ಡಬ್ಬಿ ತಗೊಂಡೆವು. ಮನೆ ಖಾಲಿ ಮಾಡುವಾಗ ಉಳಿದದ್ದನ್ನೂ ಮೋಡಕಾಕ್ಕೆ, ಅಂದರೆ ಗುಜರಿಗೆ, ಹಾಕಿದೆವು. ಕಷ್ಟದಲ್ಲಿದ್ದವರು ಮಾರಿದರು, ಅವರನ್ನು ಅನ್ನಲು ನನಗೆ ಬಾಯಿಲ್ಲ. ಮಾರಬೇಕಾದರೆ ಮಾರಿ. ಆದರೆ ಮೊದಲು ಓದಿ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಣಗಿದ ಮೇಲೆ ಹಿಟ್ಟು ಸವರಿ ಒರೆಸಿ, ಚುಕ್ಕಿಗಳಲ್ಲಿ ಹಿಟ್ಟು ನಿಂತು ಅಕ್ಷರ ಕಾಣುತ್ತದೆ. ಬ್ಯಾಟರಿ ಬೆಳಕನ್ನು ಪಕ್ಕದಿಂದ ಬಿಡಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆ ಪಾತ್ರೆಯ ಕತೆ ಗೊತ್ತಿರುವ ಹಿರಿಯರು ಮಾತಾಡುವುದನ್ನು ರೆಕಾರ್ಡ್ ಮಾಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಹೇಳುತ್ತೇನೆ. ತುಳುನಾಡಿನ ಅಳಿಯಸಂತಾನದ ಮನೆಗಳ ಬಗ್ಗೆ ಹೇಳಬೇಕೆಂದಿದ್ದೆ, ಅಲ್ಲಿ ಕುಟುಂಬದ ಎಣಿಕೆಯೇ ತಾಯಿಯಿಂದ, ಹಾಗಾಗಿ ಅಜ್ಜಿ ಕಳೆದುಹೋಗುವುದಿಲ್ಲ. ಅದು ಇನ್ನೊಮ್ಮೆ. ವರ್ಷ ಗೊತ್ತು ಮಾಡುವುದನ್ನು ಮಾತ್ರ ಬಿಡಲಾರೆ. ಹಿರಿಯರನ್ನು ಇಸವಿ ಕೇಳಬೇಡಿ, ಆಗ ಏನು ನಡೆದಿತ್ತು ಅಂತ ಕೇಳಿ. ಇನ್‌ಫ್ಲುಯೆಂಜಾ ಬಂದಾಗ ಅಂದರೆ 1918ರ ಆಸುಪಾಸು. ಧಾತು ವರ್ಷದ ಬರ ಅಂದರೆ 1876–77. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, 1936ರಲ್ಲೂ ಧಾತು ಬಂದಿತ್ತು. ಯಾವ ಧಾತು ಅಂತ ಒಂದು ತಲೆಮಾರು ಆಚೀಚೆ ಎಣಿಸಿ ನೋಡಿ.

ಮನೆಯಲ್ಲಿ ಮುಂಬೈ ಪ್ರಾಂತ್ಯದ ಕಾಲದ, ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೂ ಅಂಟಿಗೂ ಹಳೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ತಂದಿರುವವರು ಚಹಾ ಹೊತ್ತಲ್ಲಿ ನನಗೆ ತೋರಿಸಿ.