ಕಂಪನಿಯ ಸಾಲ, ಗಿರಾಕಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬದಿಯಡ್ಕಕ್ಕೆ ಬಂದು ಅರ್ಥಶಾಸ್ತ್ರದ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯ ಅಡಿಕೆ ತೋಟಕ್ಕೆ ಮದ್ದು ಬಿಡುವ ಪಂಪು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಹೊಸ ಪಂಪು ತಂದರು. ಉಳಿದವಕ್ಕಿಂತ ಬೆಲೆ ಕಮ್ಮಿ. ಮಳೆಗೆ ಮೊದಲು ಒಂದು ಸಲ ಬೋರ್ಡೋ, ಅಂದರೆ ಕೊಳೆರೋಗದ ಮದ್ದು, ಬಿಟ್ಟಾಯಿತು. ಎರಡನೇ ಸಲಕ್ಕೆ ಆಟಿ ತಿಂಗಳ ಮಳೆಯ ನಡುವೆ ಎರಡು ದಿನ ಬಿಸಿಲು ಬಂತು. ಮರ ಹತ್ತುವವರು ಬಂದಿದ್ದಾರೆ, ಡ್ರಮ್ಮಿನಲ್ಲಿ ಮೈಲುತುತ್ತು, ಸುಣ್ಣ ಬೆರೆಸಿಟ್ಟಿದೆ. ಪಂಪು ಒತ್ತಡವೇ ಹಿಡಿಯುತ್ತಿಲ್ಲ. ವಾಲ್ವ್ ಹೋಗಿತ್ತು. ಅಂಗಡಿಗೆ ಓಡಿದರೆ, "ಕಂಪನಿಯೇ ಬಾಗಿಲು ಹಾಕಿದೆ ಅಣ್ಣಾ, ಇನ್ನು ಸಾಮಾನು ಬರುವುದಿಲ್ಲ" ಎಂದರು. ಬೆರೆಸಿದ ಬೋರ್ಡೋ ಮರುದಿನಕ್ಕೆ ಆಗುವುದಿಲ್ಲ, ನಿಮಗೆ ಗೊತ್ತಲ್ವಾ. ಆ ವರ್ಷ ಬೆಳಿಗ್ಗೆ ತೋಟಕ್ಕೆ ಇಳಿದರೆ ಬುಡದ ತುಂಬ ಹಸಿ ಅಡಿಕೆ, ಮೇಲೆ ಬಿಳಿ ಬೂಷ್ಟು. ಅಪ್ಪ ಒಂದೊಂದನ್ನೇ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ಮಾತಿಲ್ಲ.

ಆ ಕಂಪನಿ ಮುಚ್ಚುವಾಗ ಬ್ಯಾಂಕಿನವರು ಲೆಕ್ಕ ನೋಡಿರಬಹುದು, ಪಾಲುದಾರರು ನೋಡಿರಬಹುದು. ನಮ್ಮ ತೋಟದ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ.

ಇದೇ ವಿಷಯವನ್ನು ಶೆರಿಡನ್ ಟಿಟ್ಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1984ರಲ್ಲಿ ಒಂದು ಪ್ರಬಂಧದಲ್ಲಿ ಬಿಡಿಸಿಟ್ಟರು. ಅದಕ್ಕೂ ಮೊದಲು, 1958ರಲ್ಲಿ, ಮೊದಿಲ್ಯಾನಿ ಮತ್ತು ಮಿಲ್ಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಮಾತು ಹೇಳಿದ್ದರು: ತೆರಿಗೆ, ದಿವಾಳಿಯ ಖರ್ಚು ಇಂಥದ್ದೇನೂ ಇಲ್ಲದ ಮಾರುಕಟ್ಟೆಯಲ್ಲಿ, ಕಂಪನಿ ಸಾಲ ತಂದು ನಡೆಯಲಿ, ಷೇರು ಮಾರಿ ನಡೆಯಲಿ, ಅದರ ಬೆಲೆ ಒಂದೇ. ಟಿಟ್ಮನ್ ಇದರೊಳಗೆ ಗಿರಾಕಿಯನ್ನು ತಂದು ನಿಲ್ಲಿಸಿದರು. ಸಾಲ ಜಾಸ್ತಿಯಾದ ಕಂಪನಿ ಮುಚ್ಚಿದರೆ, ಅದರ ಯಂತ್ರ ಕೊಂಡವನಿಗೆ ಬಿಡಿಭಾಗವೂ ಇಲ್ಲ, ರಿಪೇರಿಯೂ ಇಲ್ಲ. ಈ ನಷ್ಟವನ್ನು ಗಿರಾಕಿ ಮೊದಲೇ ಊಹಿಸುತ್ತಾನೆ. ಹಾಗಾಗಿ ಕಡಿಮೆ ಬೆಲೆಗೆ ಕೇಳುತ್ತಾನೆ, ಇಲ್ಲವೇ ಬೇರೆ ಅಂಗಡಿಗೆ ಹೋಗುತ್ತಾನೆ. ಅಂದರೆ ಸಾಲದ ಭಾರ ಸುತ್ತಿ ಬಂದು ಕಂಪನಿಯ ತಲೆಗೇ ಬೀಳುತ್ತದೆ. ಅದಕ್ಕೇ ವರ್ಷಗಟ್ಟಲೆ ಸರ್ವಿಸ್ ಬೇಕಾಗುವ ಸಾಮಾನು ಮಾಡುವವರು ಸಾಲ ಕಮ್ಮಿ ಇಟ್ಟುಕೊಳ್ಳುವುದು ಲೇಸು. 1988ರಲ್ಲಿ ಟಿಟ್ಮನ್ ವೆಸೆಲ್ಸ್ ಎಂಬವರ ಜೊತೆ ಸೇರಿ ಕಂಪನಿಗಳ ಅಂಕಿಅಂಶ ನೋಡಿದಾಗಲೂ, ಬೇರೆಲ್ಲೂ ಸಿಗದಂಥ ಸಾಮಾನು ಮಾಡುವ ಕಂಪನಿಗಳಲ್ಲಿ ಸಾಲ ಕಡಿಮೆಯೇ ಇತ್ತು.

2009ರಲ್ಲಿ ಜನರಲ್ ಮೋಟರ್ಸ್, ಕ್ರೈಸ್ಲರ್ ದಿವಾಳಿಯ ಅಂಚಿಗೆ ಬಂದವಲ್ಲ, ಆಗ ಅಮೆರಿಕದ ಸರಕಾರವೇ ಮುಂದೆ ಬಂದು ಆ ಕಾರುಗಳ ವಾರಂಟಿಗೆ ನಾವು ಜವಾಬ್ದಾರಿ ಎಂದಿತು. ಯಾಕೆ? ಜನ ಹೆದರಿ ಕಾರು ಕೊಳ್ಳುವುದನ್ನು ನಿಲ್ಲಿಸಿದರೆ ಆ ಹೆದರಿಕೆಯೇ ಕಂಪನಿಯನ್ನು ಮುಳುಗಿಸುತ್ತದೆ.

ಅಕ್ಕಿ, ಸೋಪಿಗೆ ವಾರಂಟಿ ಇಲ್ಲ, ಅಲ್ಲಿ ಸಾಲ ಬೇರೆ ದಾರಿಯಲ್ಲಿ ಬರುತ್ತದೆ. ಡೇವಿಡ್ ಮಾಟ್ಸಾ ಎಂಬವರು 2011ರಲ್ಲಿ ತೋರಿಸಿದ್ದು ಇದು: ಸಾಲದಲ್ಲಿ ಮುಳುಗಿದ ಅಮೆರಿಕದ ಸೂಪರ್‌ಮಾರ್ಕೆಟುಗಳಲ್ಲಿ ಕಪಾಟು ಖಾಲಿ ಇರುವುದು ಜಾಸ್ತಿ. ಬಡ್ಡಿ ಕಟ್ಟಬೇಕು, ಸರಕು ತುಂಬಿಸಲು ಕೈ ಬಿಗಿ.

ನನಗೆ ಟಿಟ್ಮನ್ ಅವರ ಲೆಕ್ಕದಲ್ಲಿ ಒಂದು ಕಡೆ ತಕರಾರು ಇದೆ. ಗಿರಾಕಿಗೆ ಕಂಪನಿಯ ಸಾಲ ಕಾಣಬೇಕಲ್ಲ? ನಮ್ಮಪ್ಪನಿಗೆ ಬ್ಯಾಲೆನ್ಸ್ ಶೀಟ್ ತೋರಿಸಿದವರು ಯಾರು? ಸಾಲ ಕಾಣದ ಗಿರಾಕಿ ಬೇರೆ ಗುರುತು ಹುಡುಕುತ್ತಾನೆ.

ಮರುವರ್ಷ ಅಪ್ಪನ ಜೊತೆ ನಾನೂ ಪಂಪು ತರಲು ಹೋದೆ. ಅವರು ಪಂಪನ್ನು ಮುಟ್ಟಿಯೂ ನೋಡಲಿಲ್ಲ. "ಇದರ ವಾಲ್ವ್, ವಾಷರ್ ಉಂಟಾ? ತೋರಿಸಿ" ಎಂದರು. ಅಂಗಡಿಯವರು ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಅಪ್ಪ ಒಂದೊಂದೇ ಎಣಿಸಿದರು. ಆಮೇಲೆ ಹಳೆಯ ಪಂಪಿಗಿಂತ 2,000 ರೂಪಾಯಿ ಜಾಸ್ತಿ ಕೊಟ್ಟು, ಜೊತೆಗೆ ನಾಲ್ಕು ವಾಷರ್ ಕಾಗದದಲ್ಲಿ ಕಟ್ಟಿಸಿಕೊಂಡು ಜೀಪು ಹತ್ತಿದರು.