ಹಂಚಿಕೊಂಡ ಮರಕ್ಕೆ ಯಾರ ವಿಳಾಸ?

ಗೆಳೆಯರೇ, ಹುಬ್ಬಳ್ಳಿಯಲ್ಲಿ ಓದುವ ನಿಮ್ಮಲ್ಲಿ ಎಷ್ಟು ಜನ ಸುಗ್ಗಿಯ ದಿನ ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೀರಿ? ಅಂಗಳದ ತುಂಬ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು. ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ. ಅಲ್ಲಿ ಘಾಟಿಗೆ ಸೀನುತ್ತಿದ್ದಾಗಲೇ ನನಗೆ ಇಂದಿನ ಉದಾಹರಣೆ ಹೊಳೆಯಿತು. ಲಾಟ್ ಸಂಖ್ಯೆಯನ್ನು ಕೀಲಿಯಾಗಿಟ್ಟು ಒಂದು ಮರ ಕಟ್ಟೋಣ. ಮರ ಎಂದರೆ ಬೇಗ ಹುಡುಕಲೆಂದು ಚಿಕ್ಕ ಕೀಲಿ ಎಡಕ್ಕೆ, ದೊಡ್ಡದು ಬಲಕ್ಕೆ ಎಂದು ಮಾಹಿತಿ ಜೋಡಿಸಿಡುವ ರಚನೆ. ಅದರ ಒಂದೊಂದು ಗೆಣ್ಣೂ ಒಂದು ನೋಡ್. ತೂಕ ಬರೆಯುವ ಪ್ರೋಗ್ರಾಂ, ಟೆಂಡರ್ ಪ್ರೋಗ್ರಾಂ, ಫಲಕಕ್ಕೆ ದರ ಕಳಿಸುವ ಪ್ರೋಗ್ರಾಂ ಮೂರೂ ಅದನ್ನೇ ನೋಡಲಿ.

ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಸಿ ಭಾಷೆಗೆ ಮರದ ಕೆಲಸದ ಸಿದ್ಧ ಫಂಕ್ಷನ್‌ಗಳನ್ನು ಕೊಡುವ ಸರ್ಚ್.ಎಚ್ ಹೆಡರ್ ಇದೆ. ಟಿಸರ್ಚ್ ಹುಡುಕುತ್ತದೆ, ಸಿಗದಿದ್ದರೆ ಸೇರಿಸುತ್ತದೆ. ಟಿಫೈಂಡ್ ಬರೀ ಹುಡುಕುತ್ತದೆ, ಟಿಡಿಲೀಟ್ ಕಿತ್ತುಹಾಕುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಇದು ಒಳಗೆ ಕೆಂಪು-ಕಪ್ಪು ಮರ, ಅಂದರೆ ಒಂದೇ ಕಡೆ ವಾಲದಂತೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಮರ. 10 ಲಕ್ಷ ಲಾಟ್ ಇದ್ದರೂ 40 ಹೋಲಿಕೆಗಳೊಳಗೆ ಉತ್ತರ ಸಿಗುತ್ತದೆ. ಮರವನ್ನೆಲ್ಲ ಸುತ್ತಿಬರುವ ಟಿವಾಕ್‌ನದು ಮಾತ್ರ ಹೆಸರಿನ ಮೋಸ. ಎಡಭಾಗ ಮುಗಿಸಿ, ಬಲಕ್ಕೆ ಹೋಗುವ ಮುನ್ನ ನೋಡ್‌ಗೆ ಕೊಡುವ, ಪಠ್ಯಪುಸ್ತಕ ಇನ್‌ಆರ್ಡರ್ ಎನ್ನುವ ಭೇಟಿಯನ್ನು ಅದು ಪೋಸ್ಟ್‌ಆರ್ಡರ್ ಎನ್ನುತ್ತದೆ. ನಾನು ಇದರಲ್ಲಿ ಒಂದು ಸಂಜೆ ಕಳೆದುಕೊಂಡಿದ್ದೇನೆ.

ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಥ್ರೆಡ್‌ಗಳಿಗಾದರೆ, ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಈ ಮರಕ್ಕೊಂದು ಲಾಕ್ ಹಾಕಿದರೆ ಸಾಕು. ನಮ್ಮವು ಮೂರು ಬೇರೆ ಪ್ರೋಗ್ರಾಂಗಳು. ಟಿಸರ್ಚ್ ತನ್ನ ನೋಡ್‌ಗಳಿಗೆ ಜಾಗ ಪಡೆಯುವುದು ಮೆಮೊರಿ ಹಂಚುವ ಮ್ಯಾಲಾಕ್ ಫಂಕ್ಷನ್‌ನಿಂದ. ಆ ಜಾಗ ಆ ಪ್ರೋಗ್ರಾಮಿನ ಖಾಸಗಿ ಸೊತ್ತು. ಬೇರಿನ ಪಾಯಿಂಟರನ್ನು, ಅಂದರೆ ಮೊದಲ ನೋಡ್ ಇರುವ ವಿಳಾಸವನ್ನು, ಹಂಚಿದ ಮೆಮೊರಿಯಲ್ಲಿಟ್ಟರೂ ಪಕ್ಕದ ಪ್ರೋಗ್ರಾಮಿಗೆ ಅದು ಪರವೂರಿನ ಬಾಗಿಲ ಸಂಖ್ಯೆ. ಹುಬ್ಬಳ್ಳಿಯ 12ನೇ ಮನೆ ಹುಡುಕಿಕೊಂಡು ಹೊರಟವನು ಗದಗಿನ 12ನೇ ಮನೆ ತಟ್ಟಿದಂತೆ. ಮನೆಯೇ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ಸಾಯುತ್ತದೆ, ಅದು ಪುಣ್ಯ. ಬೇರೆಯವರ ಮನೆ ಸಿಕ್ಕರೆ ಸುಳ್ಳು ದರ ಫಲಕದ ಮೇಲೆ ಬರುತ್ತದೆ.

ಆದ್ದರಿಂದ ಒಂದೇ ಮೆಮೊರಿ ತುಂಡನ್ನು ಹಲವು ಪ್ರೋಗ್ರಾಂಗಳಿಗೆ ಕಾಣಿಸಬಲ್ಲ ಎಂಮ್ಯಾಪ್ ಮೂಲಕ ಹಂಚಿದ ತುಂಡಿನೊಳಗೇ ನೋಡ್‌ಗಳನ್ನು ನಾವೇ ಇಡಬೇಕು. ಎಡ, ಬಲ ಮಕ್ಕಳಿಗೆ ಪಾಯಿಂಟರ್ ಬದಲು ತುಂಡಿನ ಆರಂಭದಿಂದ ಎಷ್ಟು ಬೈಟ್ ದೂರ ಎಂದು ಬರೆಯಬೇಕು. ಮಾರುಕಟ್ಟೆಯ ಹೆಬ್ಬಾಗಿಲಿನಿಂದ ನಲವತ್ತು ಹೆಜ್ಜೆ ಎಂದರೆ ಯಾವ ಊರಿನಿಂದ ಬಂದವನಿಗೂ ಅದೇ ನಲವತ್ತು. ಸೊನ್ನೆ ದೂರವನ್ನು ಖಾಲಿ, ಅಂದರೆ ಮಗು ಇಲ್ಲ, ಎಂದು ಕಾದಿರಿಸಿ. ಸೊನ್ನೆಯ ಜಾಗದಲ್ಲಿ ನೋಡ್ ಬದಲು ತುಂಡಿನದೇ ವಿವರ ಬರೆದ ತಲೆಬರಹವಿರಲಿ.

ಇನ್ನು ಲಾಕ್. ಹಲವರು ಓದಿ ಒಬ್ಬರು ಬರೆಯುವಾಗ ರೀಡ್-ರೈಟ್ ಲಾಕ್ ಚೆನ್ನ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಒಂದು ದಿನ ಬರೆಯುವ ಪ್ರೋಗ್ರಾಂ ಲಾಕ್ ಹಿಡಿದುಕೊಂಡೇ ಸತ್ತಿತು. ಓದುವವರೆಲ್ಲ ಕಾಯುತ್ತ ನಿಂತರು, ದರದ ಫಲಕ ಮಧ್ಯಾಹ್ನದವರೆಗೆ ಕದಲಲಿಲ್ಲ. ಅಂದಿನಿಂದ ಪ್ರೋಗ್ರಾಂಗಳ ನಡುವೆ ಹಂಚುವ ರೋಬಸ್ಟ್ ಮ್ಯೂಟೆಕ್ಸನ್ನೇ ಬಳಸುತ್ತೇನೆ. ಮ್ಯೂಟೆಕ್ಸ್ ಎಂದರೆ ಓದಲಿ, ಬರೆಯಲಿ, ಒಮ್ಮೆಗೆ ಒಬ್ಬರೇ ಹಿಡಿಯುವ ಲಾಕ್. ಹಿಡಿದವನು ಸತ್ತರೆ ಮುಂದಿನವನಿಗೆ ಲಾಕ್ ಸಿಗುತ್ತದೆ, ಜೊತೆಗೆ ಇ-ಓನರ್-ಡೆಡ್ ಎಂಬ ಸೂಚನೆಯೂ ಬರುತ್ತದೆ. ಆಗ ಮರ ಸರಿಯಿದೆ ಎಂದು ನಂಬಬೇಡಿ, ಮರ ವಾಲದಂತೆ ಕೊಂಬೆ ತಿರುಗಿಸುವ ಕೆಲಸ ಅರ್ಧಕ್ಕೆ ನಿಂತಿರಬಹುದು. ನಾನು ಅದನ್ನು ರಿಪೇರಿ ಮಾಡಲು ಹೋಗುವುದಿಲ್ಲ. ಲಾಟ್‌ಗಳ ಕಡತದಿಂದ ಮರವನ್ನು ಹೊಸದಾಗಿ ಕಟ್ಟಿ, ಆಮೇಲೆ ಮ್ಯೂಟೆಕ್ಸ್ ಸರಿಯಾಗಿದೆ ಎಂದು ಗುರುತು ಹಾಕುತ್ತೇನೆ. ಎರಡು ಸಾವಿರ ಲಾಟಿಗೆ ಚಹಾದ ಲೋಟ ಕೆಳಗಿಡುವಷ್ಟು ಹೊತ್ತೂ ಬೇಕಾಗುವುದಿಲ್ಲ.