ನಾಯಕರ ಟ್ಯಾಕ್ಸ್ ರಿಟರ್ನ್ ನಾವ್ಯಾಕೆ ನೋಡಬೇಕು?

(ಪರದೆ ಮೇಲೆ: 1973, ನವೆಂಬರ್ 17. ಒರ್ಲ್ಯಾಂಡೊ)

ಡಿಸ್ನಿ ವರ್ಲ್ಡ್‌ನ ಒಂದು ಹೋಟೆಲ್. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಪತ್ರಿಕಾ ಸಂಪಾದಕರ ಎದುರು ನಿಂತಿದ್ದಾರೆ. ಅಲ್ಲಿ ಅವರ ಬಾಯಿಂದ ಒಂದು ಮಾತು ಬರುತ್ತದೆ. "ತಮ್ಮ ಅಧ್ಯಕ್ಷ ಮೋಸಗಾರನೋ ಅಲ್ಲವೋ ಅಂತ ಜನಕ್ಕೆ ಗೊತ್ತಾಗಬೇಕು. ನಾನು ಮೋಸಗಾರ ಅಲ್ಲ. ನನ್ನ ಹತ್ತಿರ ಇರುವುದೆಲ್ಲ ನಾನು ದುಡಿದದ್ದು."

ಈ ಮಾತು ವಾಟರ್‌ಗೇಟ್ ಹಗರಣದ ಬಗ್ಗೆ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಆದರೆ ಅವರು ಆಗ ಮಾತಾಡುತ್ತಿದ್ದದ್ದು ತಮ್ಮ ಸ್ವಂತ ದುಡ್ಡಿನ ಬಗ್ಗೆ. ಅದೇ ಸಭೆಯಲ್ಲಿ ಅವರ ಆದಾಯ ತೆರಿಗೆಯ ಪ್ರಶ್ನೆಯೂ ಎದ್ದಿತ್ತು.

ಇವತ್ತಿನ ವಿಷಯ ಅದೇ. ದೇಶ ನಡೆಸುವವರು ತಮ್ಮ ಟ್ಯಾಕ್ಸ್ ರಿಟರ್ನ್ ಜನರಿಗೆ ತೋರಿಸಲೇಬೇಕಾ? ತೋರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ. ತಮಾಷೆ ಅಂದರೆ ಎರಡೂ ಕಡೆಯವರಿಗೆ ಸಾಕ್ಷಿ ಒದಗಿಸಿದ್ದು ಒಬ್ಬರೇ ಮನುಷ್ಯ, ಈ ನಿಕ್ಸನ್.

(ಪರದೆ ಮೇಲೆ: 792 ಡಾಲರ್)

ಆ ಅಕ್ಟೋಬರ್‌ನಲ್ಲಿ ತೆರಿಗೆ ಇಲಾಖೆಯೊಳಗಿನಿಂದ ಸೋರಿದ ಮಾಹಿತಿ ಒಂದು ಪತ್ರಿಕೆಯಲ್ಲಿ ಬಂತು. 1970ರಲ್ಲಿ ನಿಕ್ಸನ್ ಆದಾಯ 2 ಲಕ್ಷ ಡಾಲರ್‌ಗಿಂತ ಜಾಸ್ತಿ. ಕಟ್ಟಿದ ಆದಾಯ ತೆರಿಗೆ 792 ಡಾಲರ್. ಮರುವರ್ಷ 878 ಡಾಲರ್. ಲಕ್ಷಗಟ್ಟಲೆ ಆದಾಯಕ್ಕೆ ಸಾವಿರ ಡಾಲರ್ ಕೂಡ ಇಲ್ಲ!

ಹೇಗೆ? ನಿಕ್ಸನ್ ಹಿಂದೆ ಉಪಾಧ್ಯಕ್ಷರಾಗಿದ್ದಾಗಿನ ಕಾಗದಪತ್ರಗಳನ್ನು ಸರ್ಕಾರಿ ಸಂಗ್ರಹಕ್ಕೆ ದಾನ ಕೊಟ್ಟಿದ್ದರು. ಅವುಗಳ ಬೆಲೆ ಸುಮಾರು 5 ಲಕ್ಷ 76 ಸಾವಿರ ಡಾಲರ್ ಅಂತ ಲೆಕ್ಕ ಹಾಕಿಸಿ, ಆ ದಾನದ ಹೆಸರಲ್ಲಿ ವರ್ಷ ವರ್ಷ ಆದಾಯದಿಂದ ಕಳೆಯುತ್ತಾ ಬಂದರು. ಇಷ್ಟರವರೆಗೆ ಅದೇನೂ ಹೊಸದಲ್ಲ. ಹಿಂದಿನ ಅಧ್ಯಕ್ಷ ಜಾನ್ಸನ್ ಅವರೇ ಇದನ್ನು ಹೇಳಿಕೊಟ್ಟರು ಅಂತ ನಿಕ್ಸನ್ ಹೇಳಿದ್ದರು.

ತೊಡಕು ಇದ್ದದ್ದು ತಾರೀಖಿನಲ್ಲಿ. ಇಂಥ ದಾನಕ್ಕೆ ಕೊಡುತ್ತಿದ್ದ ವಿನಾಯಿತಿಯನ್ನು ಹೊಸ ಕಾನೂನು 1969ರ ಜುಲೈ 25ಕ್ಕೆ ನಿಲ್ಲಿಸಿತು. ಆಮೇಲೆ ಕೊಟ್ಟ ದಾನಕ್ಕೆ ಏನೂ ಸಿಗುವುದಿಲ್ಲ. ನಿಕ್ಸನ್ ಅವರ ದಾನಪತ್ರದ ಮೇಲೆ ಇದ್ದ ತಾರೀಖು 1969ರ ಮಾರ್ಚ್ 27. ಸರಿಯಾಗಿಯೇ ಇದೆ ಅಲ್ವಾ? ಆದರೆ ಅದಕ್ಕೆ ಸಹಿ ಬಿದ್ದದ್ದು 1970ರ ಏಪ್ರಿಲ್ 10ರಂದು. ಗಡುವು ಮುಗಿದು ಎಂಟು ತಿಂಗಳಾದ ಮೇಲೆ ಕೂತು, ಹಳೇ ತಾರೀಖು ಬರೆದಿದ್ದರು. ಕೊನೆಗೆ ಸಂಸತ್ತಿನ ಸಮಿತಿಯ ಅಧಿಕಾರಿಗಳು ಲೆಕ್ಕ ಹಾಕಿದಾಗ ಬಡ್ಡಿ ಸೇರಿ ಬಾಕಿ ಸುಮಾರು 4 ಲಕ್ಷ 76 ಸಾವಿರ ಡಾಲರ್.

ನನಗೆ ಇದಕ್ಕಿಂತ ವಿಚಿತ್ರ ಅನಿಸುವುದು ಇನ್ನೊಂದು. ಇದೆಲ್ಲ ಹೊರಬರುವ ಮುಂಚೆ ಇಲಾಖೆ ಅವರ 1971 ಮತ್ತು 1972ರ ರಿಟರ್ನ್ ಪರಿಶೀಲಿಸಿತ್ತು. ಪರಿಶೀಲಿಸಿ ಒಂದು ಪತ್ರ ಬರೆದಿತ್ತು. ರಿಟರ್ನ್ ಬಹಳ ಜಾಗ್ರತೆಯಿಂದ ತಯಾರಿಸಿದ್ದೀರಿ ಅಂತ ಮೆಚ್ಚಿಕೊಂಡು! ತನ್ನ ಮೇಲಧಿಕಾರಿಯ ಲೆಕ್ಕ ತಾನೇ ನೋಡಬೇಕಾದ ಗುಮಾಸ್ತ ಇನ್ನೇನು ಬರೆದಾನು ಹೇಳಿ.

(ಪರದೆ ಮೇಲೆ: ಆಸ್ತಿ ಪಟ್ಟಿ ಒಂದು ಕಡೆ, ರಿಟರ್ನ್ ಇನ್ನೊಂದು ಕಡೆ)

"ಆಸ್ತಿ ವಿವರ ಕೊಡ್ತಾರಲ್ಲ, ಸಾಲದಾ?" ಅಂತ ನೀವು ಕೇಳಬಹುದು. ಎರಡೂ ಬೇರೆ. ಇಷ್ಟು ಮನೆ, ಇಷ್ಟು ಜಮೀನು, ಇಷ್ಟು ಚಿನ್ನ ಅಂತ ಆಸ್ತಿ ಪಟ್ಟಿ ಹೇಳುತ್ತದೆ. ರಿಟರ್ನ್‌ನಲ್ಲಿ ಕಾಣುವುದು ದುಡ್ಡು ಬಂದ ದಾರಿ. ಸಂಬಳವೋ, ಬಾಡಿಗೆಯೋ, ಷೇರು ಮಾರಿದ ಲಾಭವೋ? ಏನನ್ನು ನಷ್ಟ ಅಂತ ತೋರಿಸಿದ್ದಾರೆ? ಯಾವ ವಿನಾಯಿತಿ ಬಳಸಿದ್ದಾರೆ? ನಿಕ್ಸನ್ ಕಾಗದಪತ್ರದ ಕಥೆ ಯಾವ ಆಸ್ತಿ ಪಟ್ಟಿಯಲ್ಲೂ ಸಿಕ್ಕುತ್ತಿರಲಿಲ್ಲ.

ಬ್ರಿಟನ್ ಪ್ರಧಾನಿಯಾಗಿದ್ದ ರಿಷಿ ಸುನಕ್ 2023ರ ಮಾರ್ಚ್‌ನಲ್ಲಿ ಮೂರು ವರ್ಷದ ತೆರಿಗೆಯ ಸಾರಾಂಶ ಬಿಡುಗಡೆ ಮಾಡಿದರು. ಆದಾಯ ಸುಮಾರು 47 ಲಕ್ಷ 70 ಸಾವಿರ ಪೌಂಡ್, ಕಟ್ಟಿದ್ದು ಸುಮಾರು 10 ಲಕ್ಷ 50 ಸಾವಿರ. ಅಂದರೆ ಶೇ. 22ರಷ್ಟು. ಆ ದೇಶದಲ್ಲಿ ಸಂಬಳದ ಮೇಲಿನ ಗರಿಷ್ಠ ದರ ಶೇ. 45. ಅವರು ಕಳ್ಳಲೆಕ್ಕ ಬರೆದಿರಲಿಲ್ಲ. ಅವರ ಆದಾಯದ ದೊಡ್ಡ ಪಾಲು ಹೂಡಿಕೆಯ ಲಾಭ, ಅದಕ್ಕೆ ಆಗ ದರವೇ ಶೇ. 20 ಇತ್ತು. ಈ ದರ ಎಷ್ಟಿರಬೇಕು ಅಂತ ತೀರ್ಮಾನಿಸುವ ಸರ್ಕಾರದ ಮುಖ್ಯಸ್ಥ ಆಗ ಅವರೇ ಆಗಿದ್ದರು. ಹಾಗಾಗಿ ಇದು ಜನಕ್ಕೆ ಗೊತ್ತಿರಬೇಕಾದ ವಿಷಯ. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಭಾರತದಲ್ಲಿ ಅಭ್ಯರ್ಥಿಗಳು ತಮ್ಮ ಆಸ್ತಿ ವಿವರ ಬರೆದು ನಾಮಪತ್ರದ ಜೊತೆ ಸಲ್ಲಿಸುವ ಫಾರ್ಮ್ 26 ಅಫಿಡವಿಟ್ ಇದೆ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದ ವ್ಯವಸ್ಥೆ ಇದು. 2019ರಿಂದ ರಿಟರ್ನ್‌ನಲ್ಲಿ ತೋರಿಸಿದ ಐದು ವರ್ಷದ ಒಟ್ಟು ಆದಾಯವನ್ನೂ ಬರೆಯಬೇಕು. ಒಳ್ಳೆಯದೇ. ಆದರೆ ವರ್ಷಕ್ಕೆ ಒಂದೇ ಅಂಕಿ. ಎಷ್ಟು ತೆರಿಗೆ ಕಟ್ಟಿದರು, ಯಾವ ವಿನಾಯಿತಿ ತೆಗೆದುಕೊಂಡರು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ ಕಾರಣ ಅದು ಆ ಒಟ್ಟು ಮೊತ್ತದಲ್ಲಿ ಸೇರುವುದೂ ಇಲ್ಲ.

ಈಗ ಇನ್ನೊಂದು ಕಡೆ ನೋಡೋಣ.

1972ರ ಸೆಪ್ಟೆಂಬರ್. ನಿಕ್ಸನ್ ಕಡೆಯ ವಕೀಲರೊಬ್ಬರು ತೆರಿಗೆ ಇಲಾಖೆಯ ಮುಖ್ಯಸ್ಥ ಜಾನಿ ವಾಲ್ಟರ್ಸ್ ಕೈಗೆ ಒಂದು ಪಟ್ಟಿ ಕೊಟ್ಟರು. ಎದುರಾಳಿಗಳ ನೂರಾರು ಹೆಸರು. ಇವರ ತೆರಿಗೆ ಲೆಕ್ಕ ಕೆದಕಿ ಅನ್ನುವುದು ಬೇಡಿಕೆ. ವಾಲ್ಟರ್ಸ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಬಿಟ್ಟರು. ಎಲ್ಲ ಅಧಿಕಾರಿಗಳೂ ಹಾಗಿರುವುದಿಲ್ಲ. ಅದಕ್ಕೇ 1976ರಲ್ಲಿ ಅಮೆರಿಕ ತೆರಿಗೆ ಮಾಹಿತಿಯ ಗುಟ್ಟು ಕಾಪಾಡುವ ಕಾನೂನನ್ನು ಬಿಗಿ ಮಾಡಿತು. ರಿಟರ್ನ್ ಗುಟ್ಟಾಗಿರಲಿ ಅನ್ನುವವರು ಸುಮ್ನೆ ಹೇಳುತ್ತಿಲ್ಲ. ಅಧಿಕಾರದಲ್ಲಿರುವವರ ಕೈಯಲ್ಲಿ ಅದು ಒಳ್ಳೆ ಆಯುಧ.

ಹೆಂಡತಿ ಅಥವಾ ಗಂಡನ ದುಡಿಮೆ, ಮಗುವಿನ ಚಿಕಿತ್ಸೆಯ ಖರ್ಚು, ಬ್ಯಾಂಕ್ ಖಾತೆ ಸಂಖ್ಯೆ, ಇವೆಲ್ಲ ಊರಿಗೆಲ್ಲ ಯಾಕೆ ಅನ್ನುವ ಪ್ರಶ್ನೆಯೂ ನ್ಯಾಯವೇ. ಅಂಥ ಸಾಲುಗಳನ್ನು ಅಳಿಸಿ ಪ್ರಕಟಿಸಬಹುದು. ನಾರ್ವೆಯಲ್ಲಂತೂ ಎಲ್ಲ ಪ್ರಜೆಗಳ ಆದಾಯ ಮತ್ತು ತೆರಿಗೆಯ ಮೊತ್ತ ಯಾರು ಬೇಕಾದರೂ ನೋಡಬಹುದು. ಆದರೆ 2014ರಿಂದ, ನೀವು ಯಾರದ್ದು ಹುಡುಕಿದಿರೋ ಅವರಿಗೆ ನಿಮ್ಮ ಹೆಸರು ಗೊತ್ತಾಗುತ್ತದೆ. ಹುಡುಕಾಟ ಅಲ್ಲಿಗೇ ಇಳಿದುಹೋಯಿತು! ಅಷ್ಟು ದೂರ ಹೋಗಿ ಅಂತ ನಾನು ಹೇಳುತ್ತಿಲ್ಲ. ಪ್ರಜೆಗಳ ಲೆಕ್ಕ ಗುಟ್ಟಾಗಿಯೇ ಇರಲಿ, ಮೇಲೆ ಕೂತವರದ್ದು ಹೊರಗೆ ಬರಲಿ.

(ಪರದೆ ಮೇಲೆ: 2016)

ನಿಕ್ಸನ್ ನಂತರ ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಗಳು ತಾವಾಗಿಯೇ ರಿಟರ್ನ್ ತೋರಿಸುವ ರೂಢಿ ಬಂತು. ರೂಢಿ ಅಷ್ಟೇ, ಕಾನೂನಲ್ಲ. 2016ರಲ್ಲಿ ಡೊನಾಲ್ಡ್ ಟ್ರಂಪ್, ಆಡಿಟ್ ನಡೀತಿದೆ, ತೋರಿಸಲ್ಲ ಅಂದರು. ಮುಗೀತು. ಅಷ್ಟು ವರ್ಷದ ರೂಢಿ ಒಂದು ಮಾತಿಗೆ ಬಿದ್ದುಹೋಯಿತು. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿ ನೋಡಿತು. ಅದನ್ನು ರಾಜ್ಯದ ಸುಪ್ರೀಂ ಕೋರ್ಟೇ ಹೊಡೆದುಹಾಕಿತು.

ಕೊನೆಗೆ ಸಂಸತ್ತಿನ ಸಮಿತಿ, ಯಾರ ರಿಟರ್ನ್ ಬೇಕಾದರೂ ತೆರಿಗೆ ಇಲಾಖೆಯಿಂದ ತರಿಸಿಕೊಳ್ಳಲು ಅವಕಾಶ ಕೊಡುವ 1924ರ ಒಂದು ಕಾನೂನು ಹಿಡಿದು ಟ್ರಂಪ್ ರಿಟರ್ನ್ ಕೇಳಿತು. ಕೇಳಿದ್ದು 2019ರ ಏಪ್ರಿಲ್‌ನಲ್ಲಿ. ರಿಟರ್ನ್ ಜನರ ಕಣ್ಣಿಗೆ ಬಿದ್ದದ್ದು 2022ರ ಡಿಸೆಂಬರ್ 30ರಂದು. 2017ಕ್ಕೆ ಟ್ರಂಪ್ ಕಟ್ಟಿದ ಆದಾಯ ತೆರಿಗೆ 750 ಡಾಲರ್. 2018ಕ್ಕೆ ಹತ್ತಿರ ಹತ್ತಿರ 10 ಲಕ್ಷ. 2020ಕ್ಕೆ ಸೊನ್ನೆ. ಒಂದೇ ವರ್ಷ ನೋಡಿದರೆ ಒಬ್ಬನೇ ಮನುಷ್ಯ ಮೂರು ಥರ ಕಾಣುತ್ತಾನೆ. ಹಳೇ ವರ್ಷದ ನಷ್ಟವನ್ನು ಮುಂದಿನ ವರ್ಷಕ್ಕೆ ತಳ್ಳಿ ತೆರಿಗೆ ಸೊನ್ನೆ ಮಾಡಿಕೊಳ್ಳುವುದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಹಾಗಾಗಿ ಸೊನ್ನೆ ಕಂಡ ತಕ್ಷಣ ಕಳ್ಳ ಅನ್ನಬೇಡಿ.

ಆದರೆ ಒಂದು ಸಂಗತಿ ಗಮನಿಸಿ. ಅಧ್ಯಕ್ಷರ ರಿಟರ್ನ್ ಪ್ರತಿ ವರ್ಷ ಆಡಿಟ್ ಆಗಬೇಕು ಅಂತ 1977ರಿಂದ ಇಲಾಖೆಯದ್ದೇ ನಿಯಮ ಇದೆ. ಟ್ರಂಪ್ ಕಾಲದಲ್ಲಿ ಆ ನಿಯಮದಡಿ ಮೊದಲ ಆಡಿಟ್ ಶುರುವಾದದ್ದು 2019ರ ಏಪ್ರಿಲ್ 3ರಂದು. ಸಮಿತಿ ಪತ್ರ ಬರೆದ ದಿನವೇ! ಒಳಗಿನವರು ನೋಡಿಕೊಳ್ಳುತ್ತಾರೆ ಅನ್ನುವ ನಂಬಿಕೆ ನನಗೆ ಹೋದದ್ದು ಇಲ್ಲೇ.

ಹಾಗಾದರೆ ಹೇಗಿರಬೇಕು? ಕಾನೂನೇ ಬೇಕು. ಕನಿಷ್ಠ ಐದಾರು ವರ್ಷದ್ದು ಬೇಕು. ಪ್ರಕಟಿಸುವವರು ತೆರಿಗೆ ಇಲಾಖೆಯೇ ಆಗಿರಬೇಕು, ನಾಯಕರಲ್ಲ. ಕೊನೆಯದು ಯಾಕೆ ಅಂತ ಹೇಳಿ ಮುಗಿಸುತ್ತೇನೆ.

2012ರಲ್ಲಿ ಅಧ್ಯಕ್ಷ ಹುದ್ದೆಗೆ ನಿಂತಿದ್ದ ಮಿಟ್ ರಾಮ್ನಿ, ಹತ್ತು ವರ್ಷದಲ್ಲಿ ಯಾವತ್ತೂ ಶೇ. 13ಕ್ಕಿಂತ ಕಡಿಮೆ ತೆರಿಗೆ ಕಟ್ಟಿಲ್ಲ ಅಂತ ಹೇಳಿದ್ದರು. 2011ರಲ್ಲಿ ಅವರ ಕುಟುಂಬ ಸುಮಾರು 40 ಲಕ್ಷ ಡಾಲರ್ ದಾನ ಕೊಟ್ಟಿತ್ತು. ಪೂರ್ತಿ ವಿನಾಯಿತಿ ಕೇಳಿದ್ದರೆ ತೆರಿಗೆ ಆ ಶೇ. 13ಕ್ಕಿಂತ ಕೆಳಗಿಳಿಯುತ್ತಿತ್ತು. ಅದಕ್ಕೆ ಬರೀ ಇಪ್ಪತ್ತೆರಡೂವರೆ ಲಕ್ಷಕ್ಕೆ ಮಾತ್ರ ವಿನಾಯಿತಿ ತೆಗೆದುಕೊಂಡು, ಶೇ. 14.1 ಕಟ್ಟಿದ ರಿಟರ್ನ್ ಜನರಿಗೆ ತೋರಿಸಿದರು. ಮೂರು ವರ್ಷದೊಳಗೆ ತಿದ್ದಿದ ರಿಟರ್ನ್ ಹಾಕಿ ಉಳಿದ ವಿನಾಯಿತಿ ವಾಪಸ್ ಕೇಳುವುದಕ್ಕೆ ಅಲ್ಲಿನ ಕಾನೂನಿನಲ್ಲಿ ಅವಕಾಶ ಇತ್ತು. ಹಾಗೆ ತಿದ್ದಿದರೆ ಅದನ್ನೂ ಜನರಿಗೆ ತೋರಿಸಬೇಕು ಅನ್ನುವ ನಿಯಮ ಮಾತ್ರ ಇರಲಿಲ್ಲ.